ನಂದಿ ತಪ್ಪಲಿನಿಂದ ಹಂಪಿ ಸೀಮೆಯವರೆಗೆ: ನಮ್ಮ ವೈನ್‌ಗಳ ಬಗ್ಗೆ ದ್ರಾಕ್ಷಿ ಬೆಳೆಗಾರರ ಮಗಳೊಬ್ಬಳ ಮಾತು

ಗ್ರೋವರ್ ಝಂಪಾ ಎಂಬ ವೈನ್ ಕಂಪನಿಯವರ ‘ಲಾ ರಿಸರ್ವ್’ ಕೆಂಪು ವೈನ್ ತಂದರೆ, ತೆರೆದ ಕೂಡಲೇ ಕುಡಿಯಬೇಡಿ. ಹೊಟ್ಟೆ ಅಗಲವಿರುವ ಗ್ಲಾಸಿಗೆ ಸ್ವಲ್ಪ ಸುರಿದು ಅರ್ಧ ಗಂಟೆ ಬಿಡಿ. ಮೊದಲು ಮೂಗಿಗೆ ಬರುವುದು ಓಕ್ ಪೀಪಾಯಿಯ ಮರದ ವಾಸನೆ. ಗಾಳಿಯಾಡಿದ ಮೇಲೆ ಅದು ಹಿಂದೆ ಸರಿದು ನೇರಳೆಹಣ್ಣು, ಕರಿಮೆಣಸು, ಅದರ ಬೆನ್ನಿಗೆ ಹಸಿ ದೊಣ್ಣೆಮೆಣಸಿನಕಾಯಿಯ ಸಣ್ಣ ಘಾಟು ಕಾಣಿಸಿಕೊಳ್ಳುತ್ತದೆ. ನಾಲಿಗೆಯ ಎರಡೂ ಬದಿ ಹಿಡಿದಂತಾಗುವ ಒಗರು, ಆದರೆ ಒರಟಲ್ಲ. ಕ್ಯಾಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಎರಡೂ ದ್ರಾಕ್ಷಿ ಸೇರಿಸಿ ಮಾಡಿದ ಈ ವೈನ್ ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಹುಟ್ಟುವಂಥದ್ದು. ಕರ್ನಾಟಕದ ವೈನ್ ಎಲ್ಲಿಂದ ಶುರುಮಾಡಲಿ ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವ ಹೆಸರು ಇದೇ.

ನಾನು ವಿಜಯಪುರ ಜಿಲ್ಲೆಯವಳು. ನಮ್ಮದು ತಿಕೋಟಾ ಕಡೆ, ಮನೆಯ ಬಾಗಿಲಿಂದಲೇ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯ ಸಾಲು ಕಾಣುವಂಥ ಊರು. ಒಳ್ಳೆಯ ರೇಟು ಸಿಕ್ಕರೆ ಹಣ್ಣು ಮಾರುವುದು, ಸಿಗದಿದ್ದರೆ ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡುವುದು, ಇದು ನಮ್ಮ ಮನೆಯ ಲೆಕ್ಕ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ವೈನ್ ರುಚಿ ನೋಡಿದೆ, ಇಷ್ಟವಾಯಿತು, ಕಲಿಯತೊಡಗಿದೆ. ವೈನ್ ಬಗ್ಗೆ ಬರೆಯುವ ಹೆಚ್ಚಿನವರು ಗ್ಲಾಸಿನಿಂದ ತೋಟದ ಕಡೆ ನಡೆಯುತ್ತಾರೆ. ನಾನು ತೋಟದಿಂದ ಗ್ಲಾಸಿನ ಕಡೆ ಬಂದವಳು, ಹಾಗಾಗಿ ನನ್ನ ಕಣ್ಣು ಬೇರೆ ಕಡೆ ನಿಲ್ಲುತ್ತದೆ.

ಸಂಕ್ರಾಂತಿ ಕಳೆದ ಮೇಲೆ ಅಪ್ಪ ಬೆಂಗಳೂರಿಗೆ ಬಂದಿದ್ದಾಗ ದೊಡ್ಡಬಳ್ಳಾಪುರದ ಕಡೆಯ ಒಂದು ವೈನ್ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಅಪ್ಪ ಕುಡಿಯುವವರಲ್ಲ, ಬಳ್ಳಿ ನೋಡಲು ಬಂದಿದ್ದರು. ಸಾಲಿನೊಳಗೆ ಕಾಲಿಟ್ಟವರೇ ಒಂದು ಗೊಂಚಲನ್ನು ಅಂಗೈ ಮೇಲೆ ಇಟ್ಟುಕೊಂಡು, “ಇದೇನವಾ, ಕಾಳು ಇಷ್ಟ ಸಣ್ಣ? ಜಿಎ ಹೊಡದಿಲ್ಲೇನ?” ಅಂದರು. ನಮ್ಮ ಕಡೆ ಗೊಂಚಲನ್ನು ಜಿಬ್ಬರೆಲಿಕ್ ಆಮ್ಲದ (ಇದೇ ಅಪ್ಪ ಹೇಳಿದ ಜಿಎ) ನೀರಿನಲ್ಲಿ ಅದ್ದುತ್ತಾರೆ. ಕಾಳು ಉದ್ದ ಆಗಬೇಕು, ಊದಬೇಕು, ಪೆಟ್ಟಿಗೆಯಲ್ಲಿ ಚೆಂದ ಕಾಣಬೇಕು. ಇಲ್ಲಿ ಅದೇನೂ ಇಲ್ಲ. ವೈನ್‌ಗೆ ಕಾಳು ಸಣ್ಣದಿದ್ದಷ್ಟೂ ಒಳ್ಳೆಯದು, ಯಾಕೆಂದರೆ ಬಣ್ಣ, ಒಗರು, ಪರಿಮಳದ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಕಾಳು ಊದಿದರೆ ರಸ ಹೆಚ್ಚಾಗುತ್ತದೆ, ಸಿಪ್ಪೆಯ ಪಾಲು ಕಡಿಮೆಯಾಗುತ್ತದೆ, ವೈನ್ ನೀರುನೀರಾಗುತ್ತದೆ.

ಅದಕ್ಕಿಂತ ಅಪ್ಪನನ್ನು ಹಿಡಿದು ನಿಲ್ಲಿಸಿದ್ದು ಬಳ್ಳಿಯ ಬುಡದಲ್ಲಿ ಕತ್ತರಿಸಿ ಚೆಲ್ಲಿದ್ದ ಗೊಂಚಲುಗಳು. ರೋಗವಿಲ್ಲ, ಕೊಳೆತಿಲ್ಲ, ಬಣ್ಣ ತಿರುಗುತ್ತಿದ್ದ ಗಟ್ಟಿಮುಟ್ಟಾದ ಗೊಂಚಲು. ತೋಟ ತೋರಿಸುತ್ತಿದ್ದ ಹುಡುಗ, “ಬಳ್ಳಿಗೆ ಭಾರ ಕಡಿಮೆ ಮಾಡೋದಕ್ಕೆ ಸಾರ್, ಉಳಿದದ್ದು ಚೆನ್ನಾಗಿ ಪಕ್ವ ಆಗ್ಲಿ ಅಂತ” ಎಂದ. ನಮ್ಮಲ್ಲಿ ಎಕರೆಗೆ ಹತ್ತು ಹನ್ನೆರಡು ಟನ್ ತೆಗೆದವನು ಗಣಪತಿ ಗುಡಿ ಕಟ್ಟೆಯ ಮೇಲೆ ಎದೆ ಎತ್ತಿ ಕೂಡುತ್ತಾನೆ. ಇಲ್ಲಿ ನಾಲ್ಕೈದು ಟನ್ನಿಗೆ, ಒಳ್ಳೆಯ ವೈನ್‌ಗಾದರೆ ಅದಕ್ಕೂ ಕಡಿಮೆಗೆ ತಾವಾಗಿಯೇ ನಿಲ್ಲಿಸುತ್ತಾರೆ. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಬಳ್ಳಿಯ ಮೇಲಿದ್ದ ಒಂದು ಕಾಳು ಬಾಯಿಗೆ ಹಾಕಿಕೊಂಡು ಅಗಿದು, ಬೀಜ ಅಂಗೈಗೆ ಉಗಿದು, ಅದರ ಬಣ್ಣ ನೋಡಿದರು. “ಇನ್ನೂ ಒಂದ ತಿಂಗಳ ಬೇಕು. ಬೀಜ ಹಸರ ಐತಿ.” ಹುಡುಗ ನಕ್ಕು, “ನಮ್ಮ ವೈನ್‌ಮೇಕರ್ ಕೂಡ ಹೀಗೇ ನೋಡೋದು ಸಾರ್” ಎಂದ. ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಇಬ್ಬರ ಜೇಬಿನಲ್ಲೂ ಇರುತ್ತದೆ. ತಿನ್ನುವ ಹಣ್ಣನ್ನು ನಾವು 18 ಬ್ರಿಕ್ಸ್ (ಅಂದರೆ ರಸದಲ್ಲಿ ಸುಮಾರು ಶೇಕಡಾ 18ರಷ್ಟು ಸಕ್ಕರೆ) ಆಸುಪಾಸಿಗೆ ಕೊಯ್ದರೆ, ಅವರು ಕೆಂಪು ವೈನ್‌ಗೆ 23, 24ರವರೆಗೆ ಕಾಯುತ್ತಾರೆ. ಆ ಸಕ್ಕರೆ ಹುದುಗಿದಾಗ ಶೇಕಡಾ 13ರಿಂದ 14ರ ಆಲ್ಕೋಹಾಲ್ ಆಗುತ್ತದೆ.

ಈ ಚೆಲ್ಲಿದ ಗೊಂಚಲುಗಳನ್ನು ನೋಡಿದ ಮೇಲೆಯೇ ನಮ್ಮ ವೈನ್‌ಗಳಲ್ಲಿ ಯಾವುದು ಯಾಕೆ ಚೆನ್ನಾಗಿದೆ ಎನ್ನುವುದು ನನಗೆ ಬಿಡಿಸಿ ಕಂಡದ್ದು. ತೋಟದಲ್ಲಿ ಇಳುವರಿಯ ಆಸೆ ಬಿಟ್ಟವರ ವೈನ್ ಬಾಯಲ್ಲಿ ನಿಲ್ಲುತ್ತದೆ. ಬಿಡದವರದು ಲೇಬಲ್ ಎಷ್ಟೇ ಚೆಂದವಿರಲಿ, ನುಂಗಿದ ಮರುಕ್ಷಣ ಮಾಯ.

ನಂದಿ ಸೀಮೆಯಲ್ಲಿ ಈ ದಾರಿ ಹಾಕಿದವರು ಕನ್ವಲ್ ಗ್ರೋವರ್. ಮುಂಬೈಯ ಉದ್ಯಮಿ, ಫ್ರಾನ್ಸಿನ ವೈನ್‌ಗೆ ಮನಸೋತವರು. 1980ರ ದಶಕದಲ್ಲಿ ಫ್ರಾನ್ಸಿನ ಶಾಂಪೇನ್ ಪ್ರದೇಶದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಜೊತೆಗಿಟ್ಟುಕೊಂಡು ಹತ್ತಾರು ಫ್ರೆಂಚ್ ತಳಿಗಳನ್ನು ನೆಟ್ಟು ಪರೀಕ್ಷಿಸಿ, ಕೊನೆಗೆ ದೊಡ್ಡಬಳ್ಳಾಪುರದ ಕೆಂಪು ಮಣ್ಣನ್ನು ಆರಿಸಿದರು. 1988ರಲ್ಲಿ ತೋಟ ಹಾಕಿದರು. 90ರ ದಶಕದ ನಡುವಿನಲ್ಲಿ ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೋಲಾಂ ಕೈಜೋಡಿಸಿದರು. 2012ರಲ್ಲಿ ನಾಸಿಕ್ ಕಡೆಯ ಝಂಪಾ ಜೊತೆ ಸೇರಿ ಇಂದಿನ ಗ್ರೋವರ್ ಝಂಪಾ ಆಯಿತು.

ಆಗಿನ ಪುಸ್ತಕಗಳ ಪ್ರಕಾರ ಇದು ಆಗಬಾರದ ಕೆಲಸ. ವೈನ್ ದ್ರಾಕ್ಷಿ 30ರಿಂದ 50 ಡಿಗ್ರಿ ಅಕ್ಷಾಂಶದ ನಡುವೆ ಬೆಳೆಯುವ ಬೆಳೆ, ನಂದಿಬೆಟ್ಟ ಇರುವುದು 13 ಡಿಗ್ರಿಯಲ್ಲಿ. ಇಲ್ಲಿ ಕೈಹಿಡಿದದ್ದು ಎತ್ತರ. ತೋಟಗಳು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿವೆ. ಪುಷ್ಯ ಮಾಘದಲ್ಲಿ ಹಗಲು ಬಿಸಿಲು ಚುರುಕಾಗಿದ್ದರೂ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಆ ರಾತ್ರಿಯ ತಂಪು ಹಣ್ಣಿನ ಹುಳಿಯನ್ನು ಕಾಪಾಡುತ್ತದೆ. ಹುಳಿ ಇಲ್ಲದ ವೈನ್‌ಗೆ ಜೀವವಿಲ್ಲ. ಯೂರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಬಳ್ಳಿಯ ಕಡ್ಡಿ ಕತ್ತರಿಸಿ ಸವರುತ್ತಾರೆ: ಬೇಸಿಗೆಯಲ್ಲಿ ಕೊಯ್ಲಾದ ಮೇಲೆ ಒಂದು, ಮಳೆ ಹಿಂದೆ ಸರಿಯುವ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ ಇನ್ನೊಂದು. ಎರಡನೆಯದು ಫಲದ ಸವರಿಕೆ. ಹೂವು, ಕಾಯಿ, ಹಣ್ಣು ಎಲ್ಲವೂ ಒಣ ತಿಂಗಳಲ್ಲಿ ಮುಗಿದು, ಫೆಬ್ರುವರಿ ಮಾರ್ಚ್‌ಗೆ ಕೊಯ್ಲಿಗೆ ಬರುತ್ತದೆ. ನಮ್ಮ ವಿಜಯಪುರದ ಚಾಟನಿಯ (ಸವರಿಕೆಗೆ ನಮ್ಮ ಕಡೆಯ ಮಾತು) ಲೆಕ್ಕವೂ ಇದೇ. ಒಂದೇ ಗಿಡ, ಒಂದೇ ಪಂಚಾಂಗ, ಬೇರೆ ಗುರಿ.

ಈಗ ಬಾಟಲಿಗಳ ಮಾತಿಗೆ ಬರುತ್ತೇನೆ.

ಗ್ರೋವರ್ ಝಂಪಾದ ‘ಆರ್ಟ್ ಕಲೆಕ್ಷನ್’ ಸಾಲಿನಲ್ಲಿ ವಿಯೋನ್ಯೆ ಎಂಬ ಬಿಳಿ ವೈನ್ ಇದೆ. ಹೆಸರಿಗೆ ಹೆದರಬೇಡಿ, ಮೂಸಿ ನೋಡಿ: ಪೀಚ್ ಹಣ್ಣು, ಒಂದಿಷ್ಟು ಮಲ್ಲಿಗೆ. ಕುಡಿದರೆ ಸಿಹಿ ಇರುವುದಿಲ್ಲ, ಮೂಗು ಒಂದು ಹೇಳಿದರೆ ನಾಲಿಗೆ ಇನ್ನೊಂದು ಹೇಳುತ್ತದೆ, ಅದೇ ಇದರ ಸೊಗಸು. ತಣ್ಣಗೆ ಕುಡಿಯಬೇಕು, ಆದರೆ ಹಲ್ಲು ಜುಮ್ಮೆನ್ನುವಷ್ಟಲ್ಲ. ತುಂಬಾ ತಣ್ಣಗಾದರೆ ಪರಿಮಳ ಮುಚ್ಚಿಹೋಗುತ್ತದೆ. ಹೆಸರುಬೇಳೆ ಕೋಸಂಬರಿ, ತೆಂಗಿನಹಾಲಿನ ಸಾಗು, ಹೆಚ್ಚು ಖಾರವಿಲ್ಲದ ಮೀನಿನ ಜೊತೆ ನನಗೆ ಇದು ಬಹಳ ಹಿಡಿಸಿತು. ನಮ್ಮಲ್ಲಿ ಬಿಳಿ ವೈನ್ ಎಂದರೆ ಕೆಂಪಿನ ತಮ್ಮ ಎಂಬ ಭಾವನೆಯಿದೆ. ನನ್ನ ಅಭಿಪ್ರಾಯದಲ್ಲಿ ದಿನನಿತ್ಯದ ಬೆಲೆಯಲ್ಲಿ ಸಿಗುವ ನಂದಿ ಸೀಮೆಯ ಬಿಳಿ ವೈನ್‌ಗಳು ಅದೇ ಬೆಲೆಯ ಕೆಂಪಿಗಿಂತ ಮುಂದಿವೆ. ಹುಳಿ ಶುದ್ಧವಾಗಿರುತ್ತದೆ, ಪೀಪಾಯಿಯ ಮುಚ್ಚುಮರೆ ಇರುವುದಿಲ್ಲ.

ಲಾ ರಿಸರ್ವ್‌ಗೆ ಮರಳಿದರೆ, ಬೆಂಗಳೂರಿನಲ್ಲಿ ನಾನು ಕೊಂಡಾಗಲೆಲ್ಲ ಸಾವಿರದಿಂದ ಒಂದೂವರೆ ಸಾವಿರದೊಳಗೆ ಸಿಕ್ಕಿದೆ. ವಿದೇಶಿ ವೈನ್ ಮೇಲೆ ಬಹುಕಾಲದಿಂದ ಶೇಕಡಾ 150ರ ಆಮದು ಸುಂಕ ಇದ್ದದ್ದರಿಂದ, ಆ ದುಡ್ಡಿಗೆ ಹೊರಗಿನಿಂದ ಬರುವುದು ಅವರ ಊರಿನ ಅಗ್ಗದ ಸರಕು. ಹೋಲಿಸಿ ಕುಡಿದವರಿಗೆ ಯಾವುದರಲ್ಲಿ ಹೆಚ್ಚು ಹಣ್ಣಿದೆ ಎಂದು ಹೇಳಿಕೊಡಬೇಕಿಲ್ಲ. ಇನ್ನೂ ಸ್ವಲ್ಪ ಕೈ ಬಿಚ್ಚುವವರಿಗೆ ಅವರದೇ ‘ಶೆನ್’ ಇದೆ, ಟೆಂಪ್ರಾನಿಲ್ಲೊ ಮತ್ತು ಶಿರಾಜ್ ದ್ರಾಕ್ಷಿ ಸೇರಿದ ಕೆಂಪು ವೈನ್. ಇದು ಗಾಢ, ಓಕ್ ಹೆಚ್ಚು, ಮಟನ್ ಸುಕ್ಕದಂಥ ಗಟ್ಟಿ ಅಡುಗೆಗೆ ಸರಿ. ನನ್ನ ಮನಸ್ಸು ಮಾತ್ರ ಲಾ ರಿಸರ್ವ್ ಕಡೆಗೇ. ಅದರಲ್ಲಿ ಮರಕ್ಕಿಂತ ತೋಟ ಜಾಸ್ತಿ ಕಾಣುತ್ತದೆ.

ನಂದಿ ಸೀಮೆಯ ಇನ್ನೊಂದು ವೈನರಿ ಎಸ್‌ಡಿಯು. ಇಲ್ಲಿಗೆ ವೈನ್ ಮಾಡಿಕೊಟ್ಟವರು ಇಟಲಿಯ ಆಂದ್ರೆಯಾ ವಾಲೆಂಟಿನುಝಿ. ಈ ವೈನರಿಯ ಸಿರಾ (ಶಿರಾಜ್ ದ್ರಾಕ್ಷಿಯದೇ ಇನ್ನೊಂದು ಹೆಸರು) ರುಚಿಯಲ್ಲಿ ಮೆಣಸು ಮುಂದೆ, ಹಣ್ಣು ಹಿಂದೆ, ಬೆನ್ನು ನೆಟ್ಟಗಿರುವ ವೈನ್. ಪ್ರಚಾರ ಕಡಿಮೆ, ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಕಂಡರೆ ಬಿಡಬೇಡಿ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರ ‘ಬಿಗ್ ಬನ್ಯನ್’ ಹೆಚ್ಚು ಕಡೆ ಸಿಗುತ್ತದೆ. ಅದಕ್ಕೆ ವೈನ್ ಮಾಡಿಕೊಟ್ಟ ಲೂಚಿಯೊ ಮತ್ರಿಕಾರ್ದಿ ಕೂಡ ಇಟಲಿಯವರೇ. ಇವರ ‘ಬೆಲ್ಲಿಸ್ಸಿಮಾ’ ಮಸ್ಕತ್ ದ್ರಾಕ್ಷಿಯನ್ನು ತಡವಾಗಿ ಕೊಯ್ದು ಮಾಡಿದ ಸಿಹಿ ವೈನ್. ಯುಗಾದಿಗೆ ಹೋಳಿಗೆ ಜೊತೆ ಇದನ್ನು ಇಟ್ಟು ನೋಡಿದೆವು. ಹೋಳಿಗೆಯ ಬೆಲ್ಲದ ಮುಂದೆ ವೈನ್ ಹುಳಿಯಾಗಿ, ತೆಳ್ಳಗಾಗಿ ಕಂಡಿತು. ಜೊತೆಗಿನ ತಿಂಡಿ ವೈನ್‌ಗಿಂತ ಸಿಹಿಯಿದ್ದರೆ ಹಾಗೇ ಆಗುವುದು. ಮರುದಿನ ಹುರಿದ ಗೋಡಂಬಿ, ಉಪ್ಪುಪ್ಪು ಚೀಸ್ ಜೊತೆ ಕೊಟ್ಟಾಗ ಅದೇ ಬಾಟಲಿ ಕಿತ್ತಳೆ ಹೂವು, ಜೇನಿನ ಪರಿಮಳ ಬಿಟ್ಟುಕೊಟ್ಟಿತು. ಅತ್ತೆಯವರು ಕೂಡ ಅರ್ಧ ಲೋಟ ಕುಡಿದು, “ಇದಾದ್ರೆ ಪರವಾಗಿಲ್ಲ ಕಣಮ್ಮ” ಅಂದರು.

ಈಗ ನನ್ನ ಮೆಚ್ಚಿನದು. ಹಂಪಿ ಬೆಟ್ಟಗಳ ಸೀಮೆಯ ‘ಕೃಷ್ಮಾ’ ಎಸ್ಟೇಟ್. ಕೃಷ್ಣ ಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿ ಕಟ್ಟಿದ ತೋಟ ಇದು; ಇಬ್ಬರೂ ಏಳೂ ಖಂಡಗಳಲ್ಲಿ ಮ್ಯಾರಥಾನ್ ಓಡಿದವರು. ಹೊರಗಿನಿಂದ ಹಣ್ಣು ಕೊಳ್ಳದೆ ತಮ್ಮ ತೋಟದ ದ್ರಾಕ್ಷಿಯಿಂದಲೇ ವೈನ್ ಮಾಡುತ್ತಾರೆ. ನಮ್ಮ ಉತ್ತರದ ಬಿಸಿಲು ಬಲ್ಲವಳಾದ್ದರಿಂದ ಆ ಸೀಮೆಯಲ್ಲಿ ಇಂಥ ನಾಜೂಕಿನ ವೈನ್ ಸಾಧ್ಯವೇ ಎಂದು ಅನುಮಾನದಿಂದಲೇ ಬಾಟಲಿ ತೆರೆದಿದ್ದೆ. ಇವರ ಕ್ಯಾಬರ್ನೆ ಸೊವಿನ್ಯೋನ್ ಲಾ ರಿಸರ್ವ್‌ನ ಹಾಗೆ ತಕ್ಷಣ ಮಾತಾಡುವುದಿಲ್ಲ. ಮೊದಲ ಗುಟುಕಿನಲ್ಲಿ ಬಿಗಿ, ಒಗರು. ಗಂಟೆ ಕಳೆದರೆ ಕಪ್ಪು ಹಣ್ಣು, ತಂಬಾಕಿನ ಎಲೆ, ಮೊದಲ ಮಳೆಗೆ ಕಾದ ಬಂಡೆ ನೆಂದಾಗಿನ ವಾಸನೆ. ನುಂಗಿದ ಮೇಲೂ ರುಚಿ ಬಹಳ ಹೊತ್ತು ಉಳಿಯುತ್ತದೆ. ಬೆಲೆ ಲಾ ರಿಸರ್ವ್‌ಗಿಂತ ಬಹಳ ಮೇಲೆ. ಹಬ್ಬಕ್ಕೋ ವಿಶೇಷದ ಊಟಕ್ಕೋ ತರುವ ಬಾಟಲಿ. ಇದನ್ನು ನಾನು ‘ನಮ್ಮ ದೇಶದ ಮಟ್ಟಿಗೆ ಚೆನ್ನಾಗಿದೆ’ ಎಂಬ ರಿಯಾಯಿತಿ ಕೊಟ್ಟು ಹೊಗಳುತ್ತಿಲ್ಲ. ಯಾವ ದೇಶದ ಟೇಬಲ್ ಮೇಲೆ ಇಟ್ಟರೂ ಇದು ತಲೆ ತಗ್ಗಿಸುವುದಿಲ್ಲ. ಇವರ ಸಾಂಜೊವೇಸೆ ಎಂಬ ಕೆಂಪು ವೈನ್ ಕೂಡ ಹುಡುಕಿ ಕುಡಿಯಬೇಕಾದದ್ದು. ಅದರಲ್ಲಿರುವ ಟೊಮೆಟೊದಂಥ ಹುಳಿ ನಮ್ಮ ಗೊಜ್ಜುಗಳಿಗೆ ಹೇಳಿ ಮಾಡಿಸಿದ ಹಾಗಿದೆ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಹೋಟೆಲುಗಳಲ್ಲಿ ನಮ್ಮ ವೈನ್ ಜೊತೆಗೂ ಪಾಸ್ತಾ, ಪಿಜ್ಜಾನೇ ತಂದಿಡುತ್ತಾರೆ. ಮೆಣಸಿನಕಾಯಿಯ ಖಾರ ಮತ್ತು ಒಗರಿನ ಕೆಂಪು ವೈನ್ ಕೂಡಿದರೆ ಎರಡೂ ಕೆಡುತ್ತವೆ. ಖಾರ ಉರಿಯಾಗುತ್ತದೆ, ವೈನ್ ಕಹಿಯಾಗುತ್ತದೆ. ಕೆಂಪು ಖಾರದ ಚಟ್ನಿ, ಆಂಧ್ರ ಶೈಲಿಯ ಊಟಕ್ಕೆ ಕೊಂಚ ಸಿಹಿ ಉಳಿಸಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ತಣ್ಣಗೆ ಕೊಡಿ. ಎಣ್ಣೆ, ಶೇಂಗಾ, ಎಳ್ಳು ಇರುವ ಅಡುಗೆ ಒಗರನ್ನು ಮೆತ್ತಗೆ ಮಾಡುತ್ತದೆ. ನಾನು ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿಯ ಜೊತೆ ಲಾ ರಿಸರ್ವ್ ಇಟ್ಟಾಗ, ಎಣಗಾಯಿಯ ಮಸಾಲೆಯಲ್ಲಿದ್ದ ಶೇಂಗಾ ಆ ವೈನಿನ ಒಗರನ್ನು ಪೂರ್ತಿ ನುಂಗಿ, ಹಣ್ಣಷ್ಟನ್ನೇ ಮುಂದೆ ಬಿಟ್ಟಿತು. ಆ ಜೋಡಿಯನ್ನು ಯಾವ ಹೋಟೆಲಿನ ಮೆನುವಿನಲ್ಲೂ ನಾನು ಕಂಡಿಲ್ಲ. ಇರಬೇಕಿತ್ತು.

ನಂದಿಬೆಟ್ಟದ ಸುತ್ತ ಈ ಫ್ರೆಂಚ್ ತಳಿಗಳಿಗೂ ಮೊದಲಿನಿಂದ ಇರುವುದು ಬೆಂಗಳೂರು ಬ್ಲೂ, ಚಪ್ಪರದ ಮೇಲೆ ಹಬ್ಬುವ ಕಪ್ಪು ದ್ರಾಕ್ಷಿ. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಮ್ಮ ಜನ ವೈನ್ ಎಂದರೆ ನೆನೆಸಿಕೊಳ್ಳುವ ಸಿಹಿ ‘ಪೋರ್ಟ್’ ವೈನಿನ ಮೂಲ ಇದೇ ಹಣ್ಣು. ಜ್ಯೂಸಿಗೆ ಇದರ ಘಮ ಅಪರೂಪದ್ದು. ಸಿಹಿಯಿಲ್ಲದ ವೈನ್ ಮಾಡಿದರೆ ಮಾತ್ರ ಆ ಘಮ ಭಾರವಾಗಿ, ಊಟವನ್ನು ಮುಚ್ಚಿಹಾಕುತ್ತದೆ. ಪೋರ್ಟ್ ಕುಡಿದು ‘ನಮ್ಮ ವೈನ್ ಇಷ್ಟೇ’ ಎಂದು ತೀರ್ಮಾನಿಸಿದವರು ಬಹಳ ಜನ ಇದ್ದಾರೆ, ಅವರಿಗಾಗಿಯೇ ನಾನು ಇಷ್ಟುದ್ದ ಬರೆಯುತ್ತಿರುವುದು.

ತೋಟದಲ್ಲಿ ಅಷ್ಟು ಜೋಪಾನ ಮಾಡಿದ ವೈನ್ ಅಂಗಡಿಗೆ ಬಂದ ಮೇಲೆ ಹಾಳಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಏರಿಯಾದ ಒಂದು ದೊಡ್ಡ ಅಂಗಡಿಯಲ್ಲಿ ದುಬಾರಿ ಬಾಟಲಿಗಳನ್ನೆಲ್ಲ ಚೆಂದ ಕಾಣಲೆಂದು ಪಶ್ಚಿಮದ ಗಾಜಿನ ಪಕ್ಕ ನಿಲ್ಲಿಸಿದ್ದರು. ಸಂಜೆಯ ಬಿಸಿಲು ನೇರ ಬೀಳುತ್ತಿತ್ತು. ಅಲ್ಲಿಂದ ತಂದ ಕೆಂಪು ವೈನಿನ ಕಾರ್ಕ್ ಉಬ್ಬಿ ಮೇಲೆ ಬಂದಿತ್ತು, ರುಚಿ ಬೆಂದ ಒಣದ್ರಾಕ್ಷಿಯದು. ಮಣೂಕದ ಶೆಡ್ಡಿನಲ್ಲಿ ಬೆಳೆದ ನನಗೆ ಆ ವಾಸನೆ ಗುರುತಿಸುವುದು ಕಷ್ಟವಾಗಲಿಲ್ಲ. ಮರಳಿಸಲು ಹೋದರೆ, “ವೈನ್ ಹಳೇದಾದಷ್ಟೂ ಒಳ್ಳೇದು ಮೇಡಂ” ಎಂಬ ಉತ್ತರ. ಇಂಥ ಕಡೆ ಕುಡಿದವರು ದೂರುವುದು ಮಾಡಿದವನನ್ನೇ.

ಆದ್ದರಿಂದ ಕೊಳ್ಳುವಾಗ ಲೇಬಲ್ ಮೇಲೆ ದ್ರಾಕ್ಷಿ ಕೊಯ್ದ ವರ್ಷ ನೋಡಿ. ಬಿಳಿ ಮತ್ತು ರೋಸೆ (ಗುಲಾಬಿ ಬಣ್ಣದ) ವೈನ್ ಎರಡು ವರ್ಷಕ್ಕಿಂತ ಹಳೆಯದಾದರೆ ನಾನು ಮುಟ್ಟುವುದಿಲ್ಲ. ಮುಂದಿನ ಸಾಲಿನ ಬಾಟಲಿ ಬಿಟ್ಟು, ಒಳಗಿನ ನೆರಳಿನಲ್ಲಿರುವುದನ್ನು ಕೇಳಿ ತಗೊಳ್ಳಿ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೆ ಅದು ಕೀಳು ಅಂದುಕೊಳ್ಳಬೇಡಿ. ನಮ್ಮ ಸೆಕೆಗೆ ಅದೇ ಭದ್ರ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಹೇಳುವವರ ಕೋಣೆ ಫ್ರಾನ್ಸಿನದು. ಏಪ್ರಿಲ್‌ನ ಬೆಂಗಳೂರಿನಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ವಿಜಯಪುರದಲ್ಲಾದರೆ ಇನ್ನಷ್ಟು ಹೊತ್ತು.

ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ಆಮೇಲೆ ವೈನ್ ಮಂಡಳಿ ಬಂತು, ಮಂಡಳಿಯ ಮೇಳಗಳಲ್ಲಿ ಸಣ್ಣ ಸಣ್ಣ ವೈನರಿಗಳ ಸರಕೂ ಒಂದೇ ಕಡೆ ರುಚಿ ನೋಡಲು ಸಿಗುತ್ತದೆ. ಹೋಗಿ. ಆದರೆ ಮೇಳದ ಗದ್ದಲದಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಕುಡಿದು ಯಾವ ವೈನ್ ಬಗ್ಗೆಯೂ ತೀರ್ಪು ಕೊಡಬೇಡಿ. ಹಿಡಿಸಿದ ಹೆಸರು ಬರೆದುಕೊಂಡು ಬಂದು ಮನೆಯಲ್ಲಿ ಊಟದ ಜೊತೆ ತೆರೆಯಿರಿ.

ತೋಟ ನೋಡಲು ಹೋಗುವವರಿಗೆ: ಗ್ರೋವರ್ ಝಂಪಾದ ವೈನರಿ ದೇವನಹಳ್ಳಿ ದೊಡ್ಡಬಳ್ಳಾಪುರ ರಸ್ತೆಯ ರಘುನಾಥಪುರದಲ್ಲಿದೆ. ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡರೆ ತೋಟ, ಸ್ಟೀಲ್ ಟ್ಯಾಂಕ್, ಪೀಪಾಯಿ ಕೋಣೆ ತೋರಿಸಿ ರುಚಿ ನೋಡಲು ಕೊಡುತ್ತಾರೆ. ಜನವರಿಯಿಂದ ಮಾರ್ಚ್ ಒಳಗೆ ಹೋಗಿ, ಬಳ್ಳಿಯ ಮೇಲೆ ಹಣ್ಣಿರುತ್ತದೆ. ಬೆಳಿಗ್ಗೆಯ ಹೊತ್ತು ಒಳ್ಳೆಯದು. ವಾಪಸು ಗಾಡಿ ಓಡಿಸುವವರು ಕುಡಿಯದವರಾಗಿರಲಿ. ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನ ಗಂಡನದು, ಅವರ ಪಾಲಿನ ಬಾಟಲಿಯನ್ನು ಅಲ್ಲಿಂದಲೇ ಕೊಂಡು ತರುತ್ತೇವೆ.